ಬೇನೆ ಬರುವ ಮೊದಲೇ ಹೇಳಬೇಕಾದದ್ದು: ಎಪಿಡ್ಯೂರಲ್ ಮತ್ತು ಹೆರುವವಳ ತೀರ್ಮಾನ

ಹೆರಿಗೆಯ ಬೇನೆಯನ್ನು ತಗ್ಗಿಸುವ ಎಪಿಡ್ಯೂರಲ್ ಅರಿವಳಿಕೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ಹೆರುವ ಹೆಂಗಸೇ ಹೊರತು ಅವಳ ಗಂಡನಾಗಲಿ, ಅತ್ತೆಯಾಗಲಿ, ಲೇಬರ್ ವಾರ್ಡಿನ ಸಿಬ್ಬಂದಿಯಾಗಲಿ ಅಲ್ಲ. ಆ ತೀರ್ಮಾನಕ್ಕೆ ಬೆಲೆ ಬರಬೇಕಾದರೆ, ಬೆನ್ನಿಗೆ ಸೂಜಿ ಹಾಕುವಾಗ ಮೈಗೆ ಏನಾಗುತ್ತದೆ, ಔಷಧಿ ಇಳಿದ ಮೇಲೆ ಯಾವ ಅರಿವು ಉಳಿಯುತ್ತದೆ, ಯಾವುದು ಹೋಗುತ್ತದೆ, ಏನು ಎಡವಟ್ಟಾಗಬಹುದು ಎಂಬುದನ್ನೆಲ್ಲ ಏಳನೆಯ ಅಥವಾ ಎಂಟನೆಯ ತಿಂಗಳ ತಪಾಸಣೆಯಲ್ಲಿಯೇ ಅವಳಿಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳಿರಬೇಕು. ಈ ಕರಪತ್ರ ಮುಂದಿಡುವ ವಾದ ಇದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಹೆಂಗಸರನ್ನು ಆಸ್ಪತ್ರೆಗೆ ಕರೆತರುವ ಕೆಲಸದಲ್ಲಿ ನಾಡು ಇಷ್ಟು ದೂರ ಬಂದಿದ್ದರೂ, ಅಲ್ಲಿಗೆ ಬಂದವಳ ನೋವಿನ ವಿಷಯದಲ್ಲಿ ಅವಳ ಕಿವಿಗೆ ಬೀಳುವ ಮಾತು ಬಹಳ ಕಡೆ ಇಂದಿಗೂ "ತಡ್ಕೋಬೇಕಮ್ಮ, ಎಲ್ಲರೂ ಹೆತ್ತಿಲ್ವಾ" ಎಂಬುದೇ ಆಗಿದೆ.

ಹೆರಿಗೆಯ ನೋವು ಒಂದೇ ಬಗೆಯದಲ್ಲ. ಗರ್ಭಕೋಶ ಬಿಗಿಯುತ್ತ ಅದರ ಬಾಯಿ ತೆರೆದುಕೊಳ್ಳುವ ಮೊದಲ ಹಂತದಲ್ಲಿ ನೋವಿನ ಸಂದೇಶಗಳು ಎದೆಯ ಭಾಗದ ಕೊನೆಯ ಮೂರು ಜೊತೆ ನರಗಳು ಮತ್ತು ಸೊಂಟದ ಮೊದಲ ಜೊತೆ ನರಗಳ ಮೂಲಕ ಬೆನ್ನುಹುರಿಯನ್ನು ಸೇರುತ್ತವೆ. ಕಿಬ್ಬೊಟ್ಟೆ, ಸೊಂಟ ಮತ್ತು ತೊಡೆಗಳಲ್ಲಿ ಹಿಂಡಿದಂತಾಗುವ, ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ಬೇನೆ ಇದೇ. ಮಗು ಕೆಳಗಿಳಿದು ಯೋನಿಮಾರ್ಗವನ್ನು ಹಿಗ್ಗಿಸುವ ಎರಡನೆಯ ಹಂತದಲ್ಲಾದರೋ ಬಾಲಬುಡದ ನರಗಳು ಇದಕ್ಕೆ ಸೇರಿಕೊಂಡು, ನೋವು ಹರಿದಂತೆ, ಉರಿದಂತೆ, ನಿಖರವಾಗಿ ಒಂದೆಡೆ ತಿಳಿಯುವಂತಾಗುತ್ತದೆ. ಈ ನರಗಳೆಲ್ಲವೂ ಬೆನ್ನುಹುರಿಯಿಂದ ಹೊರಬರುವಾಗ ಅದರ ಗಟ್ಟಿ ಹೊರಪೊರೆಯ ಆಚೆಗಿರುವ ಕಿರಿದಾದ, ಕೊಬ್ಬು ಮತ್ತು ಸಣ್ಣ ರಕ್ತನಾಳಗಳು ತುಂಬಿದ ಜಾಗವನ್ನು ಹಾಯ್ದು ಬರುತ್ತವೆ. ಆ ಜಾಗಕ್ಕೇ ಎಪಿಡ್ಯೂರಲ್ ಎಂದು ಹೆಸರು. ಅಲ್ಲಿಗೆ ಔಷಧಿ ಹನಿಸಿದರೆ ನರಗಳು ನೋವಿನ ಸುದ್ದಿಯನ್ನು ಮೇಲಕ್ಕೆ ಸಾಗಿಸುವುದಿಲ್ಲ. ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಮಾತನಾಡುತ್ತಾಳೆ, ಗರ್ಭಕೋಶ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಈ ಚಿಕಿತ್ಸೆಯಲ್ಲಿ ಹೆಂಗಸಿಗೆ ಅತ್ಯಂತ ಕಷ್ಟವಾಗುವುದು ಸೂಜಿಯಲ್ಲ, ಅಲುಗಾಡದೆ ಕೂರುವುದು. ತುಂಬಿದ ಹೊಟ್ಟೆಯನ್ನಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತು ಅಥವಾ ಎಡಮಗ್ಗುಲಿಗೆ ಮಲಗಿ, ಗದ್ದವನ್ನು ಎದೆಗೆ ಒತ್ತಿ, ಭುಜಗಳನ್ನು ಇಳಿಬಿಟ್ಟು, ಬೆನ್ನನ್ನು ಮೈಮುರಿಯುವ ಬೆಕ್ಕಿನಂತೆ ಹೊರಕ್ಕೆ ಬಾಗಿಸಿರಬೇಕು. ನಡುವೆ ಬೇನೆ ಬಂದರೆ ಅದನ್ನು ಹೇಳಬೇಕು, ಆಗ ವೈದ್ಯರು ಕೈ ತಡೆದು ನಿಲ್ಲುತ್ತಾರೆ. ಮೊದಲು ಸೋಂಕುನಾಶಕದಲ್ಲಿ ಅದ್ದಿದ ಬಟ್ಟೆ ಬೆನ್ನ ಮೇಲೆ ತಣ್ಣಗೆ ಹರಿದಾಡುತ್ತದೆ. ಆಮೇಲೆ ಚರ್ಮವನ್ನು ಮರಗಟ್ಟಿಸುವ ಸಣ್ಣ ಇಂಜೆಕ್ಷನ್ ಕೆಲವು ಕ್ಷಣ ಚುರುಗುಟ್ಟುತ್ತದೆ. ಬಹಳ ಮಂದಿಗೆ ಚುಚ್ಚಿದ ನೋವು ಎಂದು ಅನ್ನಿಸುವುದು ಇದೊಂದೇ. ಎಪಿಡ್ಯೂರಲ್ ಸೂಜಿ ಸ್ವಲ್ಪ ದಪ್ಪನೆಯದಾದರೂ ಅದು ಒಳಹೋಗುವಾಗ ತಿಳಿಯುವುದು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಂಥ ಒತ್ತಡ, ಅಷ್ಟೆ. ಬೆನ್ನುಮೂಳೆಗಳ ನಡುವಿನ ಕಟ್ಟುಗಳನ್ನು ಹಾಯ್ದು, ಸಾಮಾನ್ಯವಾಗಿ ಚರ್ಮದಿಂದ 4ರಿಂದ 6 ಸೆಂಟಿಮೀಟರ್ ಆಳದಲ್ಲಿ, ಸಿರಿಂಜಿನ ಪಿಸ್ಟನ್‌ಗೆ ಅಲ್ಲಿಯವರೆಗೆ ಇದ್ದ ತಡೆ ಥಟ್ಟನೆ ಇಲ್ಲವಾದಾಗ ಸೂಜಿ ಸರಿಯಾದ ಜಾಗ ಮುಟ್ಟಿತೆಂದು ವೈದ್ಯರ ಬೆರಳಿಗೆ ಗೊತ್ತಾಗುತ್ತದೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿಯುವ ಮಟ್ಟಕ್ಕಿಂತ ಕೆಳಗೆ. ಹುರಿಗೇ ಚುಚ್ಚುತ್ತಾರೆ ಎಂದು ಹೆದರುವವರು ಈ ಸಂಗತಿಯನ್ನು ತಿಳಿದಿರಬೇಕು. ಆ ಸೂಜಿಯೊಳಗಿನಿಂದ ಒಂದು ಮಿಲಿಮೀಟರ್‌ನಷ್ಟೂ ದಪ್ಪವಿಲ್ಲದ ಮೆತ್ತನೆಯ ಪ್ಲಾಸ್ಟಿಕ್ ನಳಿಕೆಯನ್ನು ತೂರಿಸುವಾಗ ಒಂದು ಕಾಲಿಗೋ ಪೃಷ್ಠಕ್ಕೋ ಕರೆಂಟು ಹೊಡೆದಂತೆ ಕ್ಷಣಮಾತ್ರ ಝುಮ್ಮೆನ್ನಬಹುದು. ನಳಿಕೆ ನರವೊಂದನ್ನು ಸವರಿಕೊಂಡು ಹೋದದ್ದರಿಂದ ಹೀಗಾಗುತ್ತದೆ, ಯಾವ ಕಡೆ ಆಯಿತೆಂದು ಹೇಳಿದರೆ ವೈದ್ಯರಿಗೆ ಅನುಕೂಲ. ಬಳಿಕ ಸೂಜಿಯನ್ನು ಹೊರಗೆ ತೆಗೆದುಬಿಡುತ್ತಾರೆ, ಬೆನ್ನಿನಲ್ಲಿ ಉಳಿಯುವುದು ನಳಿಕೆ ಮಾತ್ರ. ಹೆರಿಗೆಯುದ್ದಕ್ಕೂ ಬೆನ್ನಿನೊಳಗೆ ಸೂಜಿ ಇರುತ್ತದೆಂದು ನಂಬಿ ಮಗ್ಗುಲು ಬದಲಿಸಲೂ ಅಂಜುವ ಹೆಂಗಸರಿಗೆ ಈ ಒಂದು ವಾಕ್ಯವನ್ನು ಮೊದಲೇ ಹೇಳಿದ್ದರೆ ಎಷ್ಟೋ ಭಯ ತಪ್ಪುತ್ತದೆ.

ಪೂರ್ತಿ ಔಷಧಿಗೆ ಮುಂಚೆ ಪರೀಕ್ಷೆಗೆಂದು ಸ್ವಲ್ಪ ಪ್ರಮಾಣ ಕೊಟ್ಟು, ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ, ಬಾಯಲ್ಲಿ ಲೋಹದ ರುಚಿ ಬಂತೇ, ಎದೆ ಹೊಡೆದುಕೊಳ್ಳುತ್ತಿದೆಯೇ, ಕಾಲು ಒಮ್ಮೆಲೇ ಭಾರವಾಯಿತೇ ಎಂದು ಕೇಳುತ್ತಾರೆ. ಔಷಧಿ ತಪ್ಪಿ ರಕ್ತನಾಳಕ್ಕೋ ಬೆನ್ನುಹುರಿಯ ನೀರಿಗೋ ಹೋಗಿದ್ದರೆ ಆ ಲಕ್ಷಣಗಳಿಂದ ಗೊತ್ತಾಗುತ್ತದೆಯಾದ್ದರಿಂದ ಇವು ಬಾಯಿಮಾತಿನ ಉಪಚಾರದ ಪ್ರಶ್ನೆಗಳಲ್ಲ. ನಂತರ ಬ್ಯೂಪಿವಕೇನ್‌ನಂಥ ಮರಗಟ್ಟಿಸುವ ಔಷಧಿ ಮತ್ತು ಅಲ್ಪ ಪ್ರಮಾಣದ ಫೆಂಟನಿಲ್ ಸೇರಿದ ಮಿಶ್ರಣ ಬೆನ್ನೊಳಗೆ ತಣ್ಣಗೆ ಇಳಿದಂತಾಗುತ್ತದೆ. ನೋವು ತಕ್ಷಣ ಹೋಗುವುದಿಲ್ಲ. ಮೊದಲು ಪಾದಗಳು ಬೆಚ್ಚಗಾಗುತ್ತವೆ, ತೊಡೆಗಳಿಗೆ ಜೋಮು ಹಿಡಿದಂತಾಗುತ್ತದೆ, ಬರುವ ಒಂದೊಂದು ಬೇನೆಯೂ ಹಿಂದಿನದಕ್ಕಿಂತ ಮೊಂಡಾಗಿ, ಮೊಟಕಾಗಿ, 15–20 ನಿಮಿಷಗಳಲ್ಲಿ ಬಹುಮಂದಿಗೆ ಹೊಟ್ಟೆ ಬಿಗಿದು ಸಡಿಲವಾಗುವುದಷ್ಟೇ ತಿಳಿಯುತ್ತದೆ. ಔಷಧಿ ಎಲ್ಲಿಯವರೆಗೆ ಏರಿದೆ ಎಂಬುದನ್ನು ನೋಡಲು ಸ್ಪಿರಿಟ್ ಹತ್ತಿಯನ್ನೋ ಮಂಜುಗಡ್ಡೆಯನ್ನೋ ಹೊಟ್ಟೆಯ ಮೇಲೆ ಮುಟ್ಟಿಸುತ್ತಾರೆ. ಔಷಧಿ ಹಿಡಿದ ಕಡೆ ಮುಟ್ಟಿದ್ದು ತಿಳಿದರೂ ತಂಪು ತಿಳಿಯುವುದಿಲ್ಲ. ಸ್ಪರ್ಶ ಉಳಿದು ನೋವು ಮತ್ತು ತಂಪಿನ ಅರಿವು ಮಾತ್ರ ಹಿಂದೆ ಸರಿಯುವ ಈ ಸ್ಥಿತಿಯೇ ಒಳ್ಳೆಯ ಎಪಿಡ್ಯೂರಲ್‌ನ ಗುರುತು. ಹಿಂದೆ ಗಾಢವಾದ ಔಷಧಿ ಬಳಸುತ್ತಿದ್ದಾಗ ಕಾಲುಗಳು ಪೂರ್ತಿ ಸೋಲುತ್ತಿದ್ದವು. ಈಗ ಶೇಕಡಾ 0.1 ಅಥವಾ ಅದಕ್ಕೂ ತೆಳುವಾದ ಮಿಶ್ರಣ ರೂಢಿಗೆ ಬಂದಿರುವುದರಿಂದ ಹೆಚ್ಚಿನವರು ಕಾಲು ಮಡಚಬಲ್ಲರು, ಮಗ್ಗುಲಾಗಬಲ್ಲರು.

ನೋವು ಹೋದರೂ ಒತ್ತಡ ಹೋಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮಗುವಿನ ತಲೆ ಕೆಳಗಿಳಿದಾಗ ಮಲವಿಸರ್ಜನೆಗೆ ಅವಸರವಾದಂಥ ಒತ್ತಡ ಬಹುಮಂದಿಗೆ ಗೊತ್ತಾಗುತ್ತದೆ. ಇದು ಔಷಧಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆಯಲ್ಲ, ಮುಕ್ಕಲು ಹೊತ್ತಾಯಿತು ಎಂಬುದರ ಸೂಚನೆ. ಕೆಲವರಿಗೆ ಈ ಒತ್ತಡ ಮಂದವಾಗುವುದರಿಂದ ಯಾವಾಗ ಮುಕ್ಕಬೇಕೆಂದು ನರ್ಸ್ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ಹೇಳಬೇಕಾಗುತ್ತದೆ. ಈ ಎರಡನೆಯ ಹಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುವುದೂ ಉಂಟು. ಮೈ ನಡುಗುವುದು, ಫೆಂಟನಿಲ್‌ನಿಂದ ನವೆಯಾಗುವುದು, ಬಿ.ಪಿ. ಇಳಿದು ತಲೆಸುತ್ತು ಬರುವುದು, ಮೂತ್ರ ಕಟ್ಟಿ ನಳಿಕೆಯಿಂದ ತೆಗೆಯಬೇಕಾಗುವುದು, ಕೆಲವರಿಗೆ ಮೈ ಬಿಸಿಯೇರುವುದು, ಇವೆಲ್ಲ ಆಗಾಗ ಕಾಣುವಂಥವು.

ಎಪಿಡ್ಯೂರಲ್ ಪ್ರತಿಸಲವೂ ಸರಿಯಾಗಿ ಹಿಡಿಯುತ್ತದೆಂದು ಭರವಸೆ ಕೊಡುವುದು ಹೆಂಗಸಿಗೆ ಮಾಡುವ ಮೋಸ. ಬ್ರಿಟನ್‌ನ ಹೆರಿಗೆ ಅರಿವಳಿಕೆ ತಜ್ಞರು ಗರ್ಭಿಣಿಯರಿಗೆ ಕೊಡುವ ಮಾಹಿತಿಯ ಪ್ರಕಾರ ಸುಮಾರು 8ರಲ್ಲಿ ಒಬ್ಬಳಿಗೆ ಅದು ಸಾಲದೆ ಬೇರೆ ಉಪಾಯ ಬೇಕಾಗುತ್ತದೆ. ಒಂದೇ ಮಗ್ಗುಲು ಮರಗಟ್ಟಿ ಇನ್ನೊಂದು ಮಗ್ಗುಲಲ್ಲಿ ಬೇನೆ ಹಾಗೆಯೇ ಉಳಿದಾಗ ನಳಿಕೆಯನ್ನು ಸ್ವಲ್ಪ ಹಿಂದಕ್ಕೆಳೆಯಬೇಕಾಗುತ್ತದೆ ಅಥವಾ ಹೊಸದಾಗಿ ಹಾಕಬೇಕಾಗುತ್ತದೆ. ಸುಮಾರು 100ರಲ್ಲಿ ಒಬ್ಬಳಿಗೆ ಬೆನ್ನುಹುರಿಯ ಹೊರಪೊರೆ ತೂತಾಗಿ, ಒಂದೆರಡು ದಿನಗಳಲ್ಲಿ ತೀವ್ರ ತಲೆನೋವು ಶುರುವಾಗುತ್ತದೆ. ಎದ್ದು ಕೂತರೆ ಹೆಚ್ಚಿ, ಮಲಗಿದರೆ ಇಳಿಯುವ ಈ ತಲೆನೋವನ್ನು ಬಾಣಂತನದ ಸುಸ್ತು ಎಂದು ತಳ್ಳಿಹಾಕಬಾರದು. ಇದಕ್ಕೆ ಚಿಕಿತ್ಸೆಯಿದೆ: ತಾಯಿಯ ತೋಳಿನಿಂದಲೇ ತೆಗೆದ ಸುಮಾರು 20 ಮಿಲಿಲೀಟರ್ ರಕ್ತವನ್ನು ಅದೇ ಜಾಗಕ್ಕೆ ಹಾಕಿದರೆ ಅದು ಹೆಪ್ಪುಗಟ್ಟಿ ತೂತನ್ನು ಮುಚ್ಚುತ್ತದೆ. ಆರು ತಿಂಗಳಿಗೂ ಮೀರಿ ಉಳಿಯುವ ನರದ ತೊಂದರೆ ಸುಮಾರು 13,000ದಲ್ಲಿ ಒಬ್ಬಳಿಗೆ. ಪ್ಲೇಟ್‌ಲೆಟ್ ತೀರ ಕಡಿಮೆಯಿರುವವರಿಗೆ, ರಕ್ತ ತೆಳುವಾಗಿಸುವ ಔಷಧಿಯ ಪ್ರಭಾವದಲ್ಲಿರುವವರಿಗೆ, ಸೂಜಿ ಹಾಕುವ ಕಡೆ ಸೋಂಕಿರುವವರಿಗೆ ಇದನ್ನು ಕೊಡುವಂತಿಲ್ಲ.

ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡವಳಿಗೆ ಸಾಯುವತನಕ ಬೆನ್ನುನೋವು ತಪ್ಪದು ಎಂಬ ನಂಬಿಕೆ ಕರ್ನಾಟಕದ ಮನೆಮನೆಯಲ್ಲಿದೆ. ಸೂಜಿ ಹೋದ ಜಾಗ ಕೆಲವು ದಿನ ಮುಟ್ಟಿದರೆ ನೋಯುವುದು ನಿಜ. ಆದರೆ ಎಪಿಡ್ಯೂರಲ್ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2018ರ ಕಾಕ್ರೇನ್ ಪರಾಮರ್ಶೆಯಲ್ಲಿ ದೀರ್ಘಕಾಲದ ಬೆನ್ನುನೋವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಸಿಸೇರಿಯನ್ ಸಂಖ್ಯೆಯೂ ಹೆಚ್ಚಲಿಲ್ಲ. ನಿರ್ವಾತ ಕಪ್ಪು ಅಥವಾ ಇಕ್ಕುಳದ ನೆರವಿನ ಹೆರಿಗೆ ಹಳೆಯ, ಗಾಢ ಔಷಧಿಯ ಕಾಲದ ಅಧ್ಯಯನಗಳಲ್ಲಿ ಹೆಚ್ಚಿತ್ತು, 2005ರ ಈಚಿನವುಗಳಲ್ಲಿ ಆ ಹೆಚ್ಚಳವಿಲ್ಲ. ಹೆತ್ತ ಹೆಂಗಸರ ಬೆನ್ನು ನೋಯುವುದಕ್ಕೆ ಬಸುರಿನಲ್ಲಿ ಸಡಿಲಗೊಂಡ ಕೀಲುಗಳು, ಬಗ್ಗಿ ಹಾಲೂಡಿಸುವುದು, ಮಗುವನ್ನು ಎತ್ತಿ ಇಳಿಸುವುದು ಮುಂತಾದ ಕಾರಣಗಳು ಬೇಕಾದಷ್ಟಿವೆ. ಸೂಜಿಯೊಂದನ್ನೇ ದೂರಿದರೆ ಆ ಕಾರಣಗಳಿಗೆ ಆರೈಕೆ ಸಿಗದೆ ಹೋಗುತ್ತದೆ.

ನೋವು ತಿಂದು ಹೆತ್ತರೇ ತಾಯ್ತನ ಎಂಬ ಆಕ್ಷೇಪ ಹೊಸದಲ್ಲ. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಮೊದಲು ಈಥರನ್ನೂ ಅದೇ ವರ್ಷದ ಕೊನೆಗೆ ಕ್ಲೋರೋಫಾರ್ಮನ್ನೂ ಬಳಸಿದಾಗ ಅದಕ್ಕೆ ವಿರೋಧ ಬಂದಿತ್ತು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಯಲ್ಲಿ ಜಾನ್ ಸ್ನೋ ಅವರಿಂದ ಕ್ಲೋರೋಫಾರ್ಮ್ ಪಡೆದ ಮೇಲೆ ಆ ದನಿ ಮೆಲ್ಲಗೆ ಕುಗ್ಗಿತು. ಸೊಂಟದ ಎಪಿಡ್ಯೂರಲ್ ವಿಧಾನವನ್ನು 1921ರಲ್ಲಿ ವಿವರಿಸಿದವರು ಸ್ಪೇನಿನ ಸೈನ್ಯದ ಶಸ್ತ್ರವೈದ್ಯ ಫಿದೆಲ್ ಪಾಹೆಸ್. ನಳಿಕೆಯ ಮೂಲಕ ಬೇಕಾದಷ್ಟು ಹೊತ್ತು ಔಷಧಿ ಕೊಡುವ ಕ್ರಮವನ್ನು 1940ರ ದಶಕದ ಕೊನೆಯಲ್ಲಿ ಕ್ಯೂಬಾದ ಮಾನ್ವೆಲ್ ಮಾರ್ತಿನೆಸ್ ಕುರ್ಬೆಲೊ ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗದರ್ಶಿಯಾದರೋ ಆರೋಗ್ಯವಂತ ಗರ್ಭಿಣಿ ನೋವು ಶಮನ ಕೇಳಿದಾಗ, ಅವಳ ಇಷ್ಟಕ್ಕನುಸಾರವಾಗಿ, ಎಪಿಡ್ಯೂರಲ್ ಕೊಡಬಹುದೆಂದು ಶಿಫಾರಸು ಮಾಡುತ್ತದೆ.

ಇಲ್ಲಿನ ಲೇಬರ್ ವಾರ್ಡುಗಳಲ್ಲಿ ಬೇನೆ ಸಾಲದಿದ್ದರೆ "ನೋವು ಬರಿಸುವ ಡ್ರಿಪ್" ಹಾಕಲು, ಅಂದರೆ ಆಕ್ಸಿಟೋಸಿನ್ ಕೊಡಲು, ಯಾರೂ ಹಿಂಜರಿಯುವುದಿಲ್ಲ. ಬೇನೆಯನ್ನು ಬಲಪಡಿಸುವ ಔಷಧಿ ಕೈಗೆಟಕುವಲ್ಲಿ ಅದನ್ನು ತಗ್ಗಿಸುವ ಔಷಧಿಯ ಮಾತೇ ಇಲ್ಲದಿರುವುದು ಅನ್ಯಾಯ. ಬೆನ್ನಿನ ಇಂಜೆಕ್ಷನ್ ಈ ನಾಡಿಗೆ ಅಪರಿಚಿತವೂ ಅಲ್ಲ. ಸಿಸೇರಿಯನ್ನಿಗೆ ಸಾಮಾನ್ಯವಾಗಿ ಕೊಡುವ ಸ್ಪೈನಲ್ ಅರಿವಳಿಕೆಯೂ ಅದೇ ಸೊಂಟದ ಭಾಗದಲ್ಲಿ, ಇನ್ನೂ ಒಂದು ಪೊರೆ ಒಳಕ್ಕೆ ಹೋಗುವಂಥದು. ಕೊರತೆಯಿರುವುದು ಜನರದು. ಸ್ಪೈನಲ್ ಒಂದು ಸಲದ ಕೆಲಸ, ಎಪಿಡ್ಯೂರಲ್ಲಿಗೆ ಗಂಟೆಗಟ್ಟಲೆ ಬಿ.ಪಿ.ಯನ್ನೂ ಮಗುವಿನ ಎದೆಬಡಿತವನ್ನೂ ನೋಡಿಕೊಳ್ಳುವವರು ಬೇಕು. ಇರುವ ಒಬ್ಬ ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸಾ ಕೊಠಡಿಗೇ ಸಾಲದಿರುವ ಆಸ್ಪತ್ರೆಯಲ್ಲಿ ಇದನ್ನು ನಾಳೆಯೇ ಶುರುಮಾಡಿ ಎನ್ನುವುದು ಅಪಾಯಕರ. ಆದ್ದರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮತ್ತು ಜಿಲ್ಲಾ ಆಸ್ಪತ್ರೆಗಳ ಹೆರಿಗೆ ವಿಭಾಗಗಳಲ್ಲಿ ಹಗಲಿರುಳೂ ಅರಿವಳಿಕೆ ತಜ್ಞರನ್ನು ನೇಮಿಸುವುದು, ನರ್ಸ್‌ಗಳಿಗೆ ತರಬೇತಿ ಕೊಡುವುದು ಮೊದಲ ಹೆಜ್ಜೆಯಾಗಬೇಕು. ಖಾಸಗಿ ಆಸ್ಪತ್ರೆಯಲ್ಲಿ ಬಿಲ್ ಕಟ್ಟಬಲ್ಲವಳಿಗೆ ಮಾತ್ರ ನೋವಿನಿಂದ ಬಿಡುಗಡೆ ಎಂಬ ಈಗಿನ ಸ್ಥಿತಿ ಮುಂದುವರಿಯಬಾರದು.

ಎಪಿಡ್ಯೂರಲ್ ಬೇಡವೆನ್ನುವ ಹೆಂಗಸಿನ ಆಯ್ಕೆಯೂ ಅಷ್ಟೇ ಗೌರವದ್ದು. ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಂಥವರ ಪರಂಪರೆಯಲ್ಲಿ ಬೇನೆ ತಿನ್ನುವವಳನ್ನು ಒಂಟಿಯಾಗಿ ಬಿಡುವ ಪದ್ಧತಿಯಿರಲಿಲ್ಲ. ಔಷಧಿ ಪಡೆದವಳಿಗೂ ಪಡೆಯದವಳಿಗೂ ಜೊತೆಗೊಬ್ಬರು, ಓಡಾಡಲು ಜಾಗ, ಸೊಂಟ ನೀವಲು ಒಂದು ಕೈ, ಗದರಿಕೆಯಿಲ್ಲದ ಮಾತು ಬೇಕೇ ಬೇಕು. ಎಪಿಡ್ಯೂರಲ್ ಇವುಗಳಿಗೆ ಬದಲಿಯಲ್ಲ.

ಒಪ್ಪಿಗೆಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಪ್ರಜ್ಞೆಯಲ್ಲಿರುವ ವಯಸ್ಕ ಹೆಂಗಸಿನ ಪರವಾಗಿ ಅವಳ ತಾಯಿ ಕೊಟ್ಟ ಒಪ್ಪಿಗೆ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿದೆ. ಹೀಗಿದ್ದೂ ಲೇಬರ್ ವಾರ್ಡಿನ ಬಾಗಿಲಲ್ಲಿ ಕಾಗದ ಹಿಡಿದು ಗಂಡನನ್ನು ಹುಡುಕುವ ರೂಢಿ ನಿಂತಿಲ್ಲ. ಬೇನೆಯ ತುದಿಯಲ್ಲಿರುವವಳ ಮುಂದೆ ಇಂಗ್ಲಿಷಿನ ನಮೂನೆಯನ್ನು ಹಿಡಿದು ಬೆರಳು ತೋರಿಸಿದ ಕಡೆ ಸಹಿ ಹಾಕಿಸಿಕೊಳ್ಳುವುದೂ ಒಪ್ಪಿಗೆಯೆನಿಸದು. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಇದಕ್ಕಾಗಿಯೇ ಒಂದು ಪುಟ ಸೇರಬೇಕು. ಸೂಜಿಯ ಒತ್ತಡ, ಕಾಲಿನ ಜೋಮು, ಉಳಿಯುವ ಒತ್ತಡ, ಸಾಲದೆಹೋಗುವ ಸಾಧ್ಯತೆ, ತಲೆನೋವು, ಆ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೋ ಇಲ್ಲವೋ, ಇಲ್ಲದಿದ್ದರೆ ಬೇರೆ ಯಾವ ನೋವು ಶಮನ ಸಿಗುತ್ತದೆ ಎಂಬುದು ಅದರಲ್ಲಿ ಕನ್ನಡದಲ್ಲಿ ಅಚ್ಚಾಗಿರಬೇಕು. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯೋ ನರ್ಸೋ ಓದಿ ಹೇಳಿ, ಅವಳ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮೊದಲು ಬೇಡವೆಂದವಳು ಬೇನೆಯ ನಡುವೆ ಬೇಕೆಂದರೂ, ಬೇಕೆಂದವಳು ಸೂಜಿ ಕಂಡು ಬೇಡವೆಂದರೂ ಅವಳ ಆ ಹೊತ್ತಿನ ಮಾತೇ ನಡೆಯತಕ್ಕದ್ದೆಂದು ಪುಟದ ಕೆಳಗೆ ಬರೆದಿರಬೇಕು, ಸಹಿಯ ಜಾಗ ಅವಳದೊಂದೇ ಇರಬೇಕು.