ಅಭಿಮನ್ಯು ಆಗಬಹುದು, ನೀಲಾಂಜನೆ ಯಾಕಾಗಬಾರದು?

ಈಗಿನ ಕಾಲದಲ್ಲಿ ಹೆಣ್ಣು ಮಗುವಿಗೆ ಹೆಸರು ಹುಡುಕೋದು ಬಲು ಸುಲಭ. ಮೊಬೈಲ್ ತೆಗೆದು ಮೊದಲ ಅಕ್ಷರ ಹಾಕಿದರೆ ಸಾಕು, ಇನ್ನೂರು ಹೆಸರು ಸಾಲಾಗಿ ಬಂದು ನಿಲ್ಲುತ್ತವೆ. ಅದರಲ್ಲಿ ಎಷ್ಟೋ ಹೆಸರು ಯಾವ ನಿಘಂಟಿನಲ್ಲೂ ಸಿಗಲ್ಲ. ಆದರೂ ಪಕ್ಕದಲ್ಲಿ ಅರ್ಥ ಮಾತ್ರ ಠೀವಿಯಿಂದ ಕೂತಿರುತ್ತೆ: ದೇವರ ಕೊಡುಗೆ, ಲಕ್ಷ್ಮಿಯ ಇನ್ನೊಂದು ಹೆಸರು, ಸೂರ್ಯನ ಮೊದಲ ಕಿರಣ. ಇಂಥ ಹೆಸರಿಟ್ಟರೆ ಯಾರೂ ಚಕಾರ ಎತ್ತಲ್ಲ. ಅದೇ, ಕನ್ನಡದ ಆದಿಕವಿಯ ಕಾವ್ಯದಿಂದ ಒಂದು ಹೆಸರು ತೆಗೆದು 'ಇದನ್ನ ಇಡೋಣ ಅಂತಿದೀವಿ' ಅಂದು ನೋಡಿ. ಮನೆಯಲ್ಲೇ ಪಂಚಾಯ್ತಿ ಸೇರುತ್ತೆ.

ನಮ್ಮ ಮಗಳಿಗೆ ಈಗ ಐದು ವಾರ. ನಾನೂ ನನ್ನ ಹೆಂಡತಿಯೂ ಅಂದುಕೊಂಡಿರೋ ಹೆಸರು ನೀಲಾಂಜನೆ.

ಪಂಪ ಕ್ರಿ.ಶ. 941ರಲ್ಲಿ ಬರೆದ 'ಆದಿಪುರಾಣ' ಓದಿದವರಿಗೆ ಇವಳು ಗೊತ್ತಿರ್ತಾಳೆ. ಉಳಿದವರಿಗೆ ಕತೆ ಚಿಕ್ಕದಾಗಿ ಹೇಳ್ತೀನಿ. ವೃಷಭನಾಥ ರಾಜ್ಯಭೋಗದಲ್ಲಿದ್ದಾನೆ. ಅವನಿಗೆ ವೈರಾಗ್ಯ ಹುಟ್ಟಿಸಬೇಕು ಅಂತ ಇಂದ್ರ ಒಂದು ಉಪಾಯ ಮಾಡ್ತಾನೆ. ಆಯುಸ್ಸು ಮುಗಿಯುತ್ತಾ ಬಂದಿದ್ದ ನೀಲಾಂಜನೆ ಅನ್ನೋ ದೇವನರ್ತಕಿಯನ್ನ ಅವನ ಸಭೆಯಲ್ಲಿ ಕುಣಿಸ್ತಾನೆ. ಕುಣಿತದ ನಡುವೆಯೇ ಅವಳ ಆಯುಸ್ಸು ತೀರಿ, ಮಿಂಚಿನ ಹಾಗೆ ಮಾಯವಾಗ್ತಾಳೆ. ರಸಭಂಗ ಆಗಬಾರದು ಅಂತ ಇಂದ್ರ ಆ ಕ್ಷಣವೇ ಅವಳಂಥದೇ ಇನ್ನೊಬ್ಬಳನ್ನ ಅದೇ ಜಾಗದಲ್ಲಿ ನಿಲ್ಲಿಸ್ತಾನೆ. ಸಭೆಗೆ ಗೊತ್ತೇ ಆಗಲ್ಲ. ವೃಷಭನಾಥನೊಬ್ಬನಿಗೆ ಗೊತ್ತಾಗುತ್ತೆ. ಅವನು ರಾಜ್ಯವನ್ನ ಮಕ್ಕಳಿಗೆ ಬಿಟ್ಟು ತಪಸ್ಸಿಗೆ ಹೊರಟು ಮೊದಲ ತೀರ್ಥಂಕರನಾಗ್ತಾನೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರೋ ಬಾಹುಬಲಿ ಅವನ ಮಗ.

ಮೊದಲ ತಕರಾರು ದೊಡ್ಡಪ್ಪನದು. "ಕುಣೀತಾ ಕುಣೀತಾ ಸತ್ತೋದವಳ ಹೆಸರು ಹಸುಗೂಸಿಗೆ ಇಡ್ತೀಯೇನ್ಲಾ? ಅಪಶಕುನ." ದೊಡ್ಡಪ್ಪನ ಸ್ವಂತ ಮೊಮ್ಮಗನ ಹೆಸರು ಅಭಿಮನ್ಯು!

ಅಭಿಮನ್ಯು ಏನಾದ ಅಂತ ಯಾರಿಗೆ ಗೊತ್ತಿಲ್ಲ ಹೇಳಿ. ಹದಿಹರೆಯದ ಹುಡುಗ, ಚಕ್ರವ್ಯೂಹದ ಒಳಗೆ ಹೋಗೋದು ಗೊತ್ತಿತ್ತು, ಹೊರಗೆ ಬರೋದು ಗೊತ್ತಿರಲಿಲ್ಲ, ಹತ್ತಾರು ಜನ ಸುತ್ತುವರಿದು ಕೊಂದರು. ಬಸುರಿ ಹೆಂಡತಿ ಮನೆಯಲ್ಲಿದ್ದಳು. ಆದರೂ ಆ ಹೆಸರು ಕೇಳಿದರೆ ನಮಗೆ ನೆನಪಾಗೋದು ಶೌರ್ಯ. ಕರ್ಣನನ್ನ ಹೆತ್ತವಳೇ ನೀರಿಗೆ ಬಿಟ್ಟಳು, ರಥದ ಗಾಲಿ ಹೂತಾಗ ಕೊಂದರು. ಗಂಡು ಮಕ್ಕಳಿಗೆ ಕರ್ಣ ಅಂತ ಇಡ್ತೀವಿ, ದಾನಶೂರ ಅಂತ ಹೆಮ್ಮೆಪಡ್ತೀವಿ. ಏಕಲವ್ಯನ ಹೆಬ್ಬೆರಳೇ ಹೋಯಿತು. ನಮ್ಮ ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ಕೊಡೋದು ಏಕಲವ್ಯ ಪ್ರಶಸ್ತಿ. ಬಿಲ್ಲುಗಾರ್ತಿಯ ಕೈಗೆ ಅದನ್ನ ಕೊಡುವಾಗ ಯಾರೂ ಅಪಶಕುನ ಅನ್ನಲ್ಲ.

ಹೆಣ್ಣು ಮಗುವಿನ ವಿಷಯಕ್ಕೆ ಬಂದ ಕೂಡಲೇ ಲೆಕ್ಕ ಬೇರೆ. ಸೀತೆ ಬೇಡ, ಕಷ್ಟಪಟ್ಟಳು. ದ್ರೌಪದಿ ಬೇಡ, ಅವಮಾನ ಆಯ್ತು. ಅಹಲ್ಯೆ ಬೇಡ, ಕಲ್ಲಾದಳು. ಬೆಳಿಗ್ಗೆ ಎದ್ದು ಇವರನ್ನ ಸ್ಮರಿಸಿದರೆ ಪಾಪ ಪರಿಹಾರ ಅಂತೀವಿ, ತೊಟ್ಟಿಲಿಗೆ ಮಾತ್ರ ಬೇಡ. ಗಂಡಿನ ಹೆಸರನ್ನ ಅವನು ಏನು ಮಾಡಿದ ಅನ್ನೋದರ ಮೇಲೆ ತೂಗ್ತೀವಿ, ಹೆಣ್ಣಿನ ಹೆಸರನ್ನ ಅವಳಿಗೆ ಏನಾಯ್ತು ಅನ್ನೋದರ ಮೇಲೆ. ನನ್ನ ಜಗಳ ಇರೋದು ಈ ಎರಡು ತಕ್ಕಡಿ ಜೊತೆ.

ಎರಡನೇ ತಕರಾರು ಇನ್ನೂ ಮಜವಾಗಿದೆ: "ಎಲ್ಲಾ ಬಿಟ್ಟು ಕುಣಿಯೋಳ ಹೆಸರಾ?" ಹೀಗೆ ಕೇಳಿದ ಚಿಕ್ಕಮ್ಮನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಅವತ್ತು ಇದ್ದದ್ದು ಮೊಮ್ಮಗಳ ಭರತನಾಟ್ಯದ ವಿಡಿಯೋ. ಕುಣಿಯೋದು ಹೆಮ್ಮೆಯ ವಿಷಯ, ಕುಣಿಯೋಳು ನಾಚಿಕೆಯ ವಿಷಯ. ಇದಕ್ಕೆ ಇನ್ನೇನು ಉತ್ತರ ಕೊಡಲಿ?

ಮೂರನೇದು ಆಫೀಸಿನವರದ್ದು. "ಮಗಾ, ನಾಳೆ ಅವಳು ಅಮೆರಿಕಾಗೆ ಹೋದ್ರೆ ಯಾರು ಕರೀತಾರೆ ಈ ಹೆಸರನ್ನ?" ಹೇಳಿದ ಪುಣ್ಯಾತ್ಮ ದಿನಕ್ಕೆ ಐವತ್ತು ಸಲ ಕುಬರ್ನೆಟಿಸ್ ಅಂತಾನೆ. ಅದು ಗ್ರೀಕ್ ಪದ, ಹಡಗಿನ ಚುಕ್ಕಾಣಿ ಹಿಡಿಯೋನು ಅಂತ ಅರ್ಥ ಅನ್ನೋದೂ ಅವನಿಗೆ ಗೊತ್ತು. ಸಂಬಳ ಬರುತ್ತೆ ಅಂದಾಗ ಎಂಥಾ ಪದಕ್ಕೂ ನಾಲಿಗೆ ಹೊರಳುತ್ತೆ. ನಾಲ್ಕಕ್ಷರದ ನೀಲಾಂಜನೆಗೆ ಹೊರಳಲ್ವಾ? ನಮ್ಮವ್ವನಿಗಂತೂ ಏನೂ ಕಷ್ಟ ಆಗಲಿಲ್ಲ. "ನೀಲಾಂಜನ ಅಂದ್ರೆ ಆರತಿ ದೀಪ ಅಲ್ವೇನಪ್ಪಾ, ಚೆನ್ನಾಗೈತೆ" ಅಂತು. ಆಗಲೇ 'ನೀಲಿ' ಅಂತ ಕರೆಯೋಕೂ ಶುರು ಮಾಡಿದೆ.

ಒಬ್ಬ ಗೆಳೆಯ ಮಾತ್ರ ಯೋಚಿಸಬೇಕಾದ ಮಾತು ಹೇಳಿದ. ಅದೇ ಆದಿಪುರಾಣದಲ್ಲಿ ವೃಷಭನಾಥನ ಹೆಣ್ಣು ಮಕ್ಕಳಿದ್ದಾರೆ, ಬ್ರಾಹ್ಮಿ ಮತ್ತು ಸೌಂದರಿ. ಅಪ್ಪನೇ ಕೂರಿಸಿಕೊಂಡು ಒಬ್ಬಳಿಗೆ ಅಕ್ಷರ, ಇನ್ನೊಬ್ಬಳಿಗೆ ಅಂಕಿ ಕಲಿಸ್ತಾನೆ. ಎಂಜಿನಿಯರ್ ಮಗಳಿಗೆ ಅಂಕಿ ಕಲಿತ ಸೌಂದರಿ ಹೆಸರೇ ಒಪ್ಪುತ್ತಲ್ಲ, ಸಾಯೋಳ ಹೆಸರೇ ಯಾಕೆ ಅಂದ. ನ್ಯಾಯವಾದ ಪ್ರಶ್ನೆ.

ನನ್ನ ಕೆಲಸ ಸರ್ವರ್‌ಗಳದ್ದು. ಒಂದು ಬಿದ್ದರೆ ಮರುಕ್ಷಣ ಇನ್ನೊಂದು ಅದರ ಜಾಗಕ್ಕೆ ಬರಬೇಕು, ಬಳಸೋರಿಗೆ ಗೊತ್ತೇ ಆಗಬಾರದು. ಇಂದ್ರ ಮಾಡಿದ್ದೂ ಅದನ್ನೇ. ಯಂತ್ರಕ್ಕೆ ಅದು ಸರಿ. ಆದರೆ ನಮ್ಮ ಮನೆಗಳಲ್ಲಿ ಹೆಂಗಸರಿಗೂ ಅದನ್ನೇ ಮಾಡಿಕೊಂಡು ಬಂದಿದ್ದೀವಿ. ನಮ್ಮ ತಾತನ ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರಂತೆ. ವರ್ಷ ತುಂಬೋದರೊಳಗೆ ನಮ್ಮಜ್ಜಿ ಆ ಮನೆಗೆ ಬಂದರು. ಒಲೆ ಉರಿಯೋದು ನಿಲ್ಲಲಿಲ್ಲ, ಹಾಲು ಕರೆಯೋದು ನಿಲ್ಲಲಿಲ್ಲ. ಆಯಮ್ಮನ ಹೆಸರೇನು ಅಂತ ಮನೆಯಲ್ಲಿ ಒಬ್ಬೊಬ್ಬರನ್ನೂ ಕೇಳಿದೆ. ದೊಡ್ಡಪ್ಪನಿಗೂ ಗೊತ್ತಿಲ್ಲ. 'ದೊಡ್ಡೋಳು' ಅಂತಿದ್ರು ಅನ್ನೋದಷ್ಟೇ ಸಿಕ್ಕಿದ್ದು. ಫೋಟೋ ಇಲ್ಲ, ಹೆಸರಿಲ್ಲ. ಹಳ್ಳಿಯಿಂದ ಬಂದವರು ನಿಮ್ಮ ನಿಮ್ಮ ಮನೆಯಲ್ಲೂ ಒಂದ್ಸಲ ಕೇಳಿ ನೋಡಿ.

ಪಂಪನ ಕತೆಯಲ್ಲಿ ಇಡೀ ಸಭೆ ಮೋಸ ಹೋದಾಗ ಒಬ್ಬ ಮಾತ್ರ, ಈಗ ಕುಣೀತಿರೋಳು ಅವಳಲ್ಲ ಅಂತ ಗುರುತಿಸ್ತಾನೆ. ಅವಳಿಲ್ಲ ಅನ್ನೋದು ಅವನ ಬದುಕನ್ನೇ ತಿರುಗಿಸುತ್ತೆ. ಒಬ್ಬಳ ಜಾಗಕ್ಕೆ ಇನ್ನೊಬ್ಬಳನ್ನ ತಂದು ನಿಲ್ಲಿಸಿದರೆ ಲೆಕ್ಕ ಸರಿಹೋಗಲ್ಲ ಅಂತ ಸಾವಿರ ವರ್ಷದ ಹಿಂದಿನ ಕನ್ನಡ ಕಾವ್ಯ ಹೇಳ್ತಿದೆ. ನನ್ನ ಮಗಳ ಹೆಸರಲ್ಲಿ ಈ ಮಾತು ಇರಲಿ ಅಂತ ನನ್ನಾಸೆ. ಅಕ್ಷರ, ಅಂಕಿ ಹೇಗೂ ಕಲಿಸ್ತೀನಿ, ಬ್ರಾಹ್ಮಿ ಸೌಂದರಿಯರ ಕತೆಯನ್ನೂ ಹೇಳ್ತೀನಿ.

ಸಾಹಿತ್ಯದ ಹೆಸರಿಟ್ಟವರು ಮೇಲು, ಮಿಕ್ಕವರು ಕೀಳು ಅಂತ ನಾನು ಹೇಳ್ತಿಲ್ಲ. ಕಿವಿಗೆ ಇಂಪು ಅಂತ ಇಡಿ, ಅಜ್ಜಿ ಹೆಸರು ಅಂತ ಇಡಿ. ಗಡಿಬಿಡಿಯೂ ಬೇಡ. ಹೆಸರಿಲ್ಲದೇ ಜನನ ನೋಂದಣಿ ಮಾಡಿಸಿ ಆಮೇಲೆ ಹೆಸರು ಸೇರಿಸೋಕೆ 1969ರ ಕಾಯ್ದೆಯಲ್ಲೇ ಅವಕಾಶ ಇದೆ, 12 ತಿಂಗಳೊಳಗೆ ಸೇರಿಸಿದರೆ ಶುಲ್ಕವೂ ಇಲ್ಲ. ನಕ್ಷತ್ರ ನೋಡೋರಾದರೆ ಅದನ್ನೂ ನೋಡಿ. ನಮ್ಮವಳದು ಅನುರಾಧಾ ಎರಡನೇ ಪಾದ, ಬಂದಿರೋ ಅಕ್ಷರ 'ನೀ'. ಅಲ್ಲಿಗೆ ಜೋಯಿಸರೂ ನಮ್ಮ ಕಡೆ.

ಕಾವ್ಯದಿಂದ ಹೆಸರು ತೆಗೆಯೋರು ಮೊದಲು ಆ ಕತೆ ಓದಿ, ಯಾಕಂದ್ರೆ ಒಂದಿನ ಮಗಳು ಬಂದು ಕೇಳೇ ಕೇಳ್ತಾಳೆ. ಬೇಡ ಅನ್ನೋರು ನನ್ನ ಹತ್ತಿರ ಬರೋ ಮುಂಚೆ ಊರಲ್ಲಿರೋ ಅಭಿಮನ್ಯುಗಳ ಅಪ್ಪಂದಿರ ಮನೆಗೆ ಹೋಗಿ ಅದೇ ಮಾತು ಹೇಳಿ ಬನ್ನಿ. ಅವರು ಹೆಸರು ಬದಲಾಯಿಸಿದ ದಿನ ನಾನೂ ಯೋಚಿಸ್ತೀನಿ.