ನೀರಿನ ಲೆಕ್ಕ ದಿಲ್ಲಿಗೆ ಗೊತ್ತು, ನಮ್ಮ ಬೀದಿಗೆ ಗೊತ್ತಿಲ್ಲ!

ಊರಿಗಾಂ ಸ್ಟೇಷನ್ನಿನಲ್ಲಿ ನಸುಕಿಗೇ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಓಡುವ ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಮಂದಿ ಕಂಪ್ಯೂಟರ್ ಕೆಲಸದವರು. ಇವತ್ತಿನ ಮಾತು ನಿಮಗೇ.

ನಮ್ಮ ಕಡೆಗೆ ತಂತ್ರಜ್ಞಾನ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು ಆಮೇಲೆ, 1905ರಲ್ಲಿ. ಪಾಲಾರ್ ನೀರನ್ನು ಬೇತಮಂಗಲದಿಂದ ಗಣಿಗೆ ಪೈಪಿನಲ್ಲಿ ತಂದರು. ಸುತ್ತಲ ಹಳ್ಳಿಗಳು? ಕೆರೆ ಬಾವಿ ನಂಬಿಕೊಂಡವು. ಕೆರೆ ಒಣಗಿತು, ಬಾವಿ ಬತ್ತಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಆಳದ ನೀರಿನ ಜೊತೆಗೆ ಫ್ಲೋರೈಡೂ ಬಂತು. 2001ರಲ್ಲಿ ಗಣಿಯೇ ಮುಚ್ಚಿತು.

ಈಗ ಡಿಜಿಟಲ್ ಕಾಲ. 2019ರಲ್ಲಿ ಕೇಂದ್ರ ಸರ್ಕಾರ ಜಲ ಜೀವನ್ ಮಿಷನ್ ಸಾರಿತು. ನಮ್ಮಲ್ಲಿ ಅದರ ಹೆಸರು ‘ಮನೆ ಮನೆಗೆ ಗಂಗೆ’. ತಲೆಗೆ ದಿನಕ್ಕೆ 55 ಲೀಟರ್ ಗುರಿ. 2024ಕ್ಕೆ ಮುಗಿಸುತ್ತೇವೆ ಅಂದವರು 2025ರ ಬಜೆಟ್ಟಿನಲ್ಲಿ 2028 ಅಂದರು. ಇರಲಿ. 2020ರಲ್ಲಿ ಹಳ್ಳಿಯ ನೀರು ಅಳೆಯುವ ಉಪಕರಣಕ್ಕೆ ಒಂದು ಸ್ಪರ್ಧೆ ಇಟ್ಟರು, ನಡೆಸಿಕೊಟ್ಟದ್ದು ನಮ್ಮ ಬೆಂಗಳೂರಿನ ಸಿ-ಡ್ಯಾಕ್. ಟ್ಯಾಂಕಿನ ಪೈಪಿಗೆ ಮೀಟರು, ಕ್ಲೋರಿನ್ ನೋಡಲು ಸೆನ್ಸಾರು, ಪಕ್ಕದಲ್ಲೊಂದು ಸಿಮ್. ಎಷ್ಟು ನೀರು ಹರಿಯಿತು, ಯಾವಾಗ ಹರಿಯಿತು ಎಂಬುದು ಕೂಡಲೇ ದೂರದ ಕಂಪ್ಯೂಟರಿಗೆ ಹೋಗುತ್ತದೆ. ‘ನೀರು ಬಿಟ್ಟಿದ್ದೀವಲ್ಲ’ ಅಂತ ಸಾಹೇಬರು ಅಂದರೆ, ಮೀಟರು ‘ಬಿಟ್ಟಿಲ್ಲ’ ಅನ್ನಬಹುದು. ನಾನು ಯಂತ್ರದ ವೈರಿಯಲ್ಲ.

ಆದರೆ ಯಂತ್ರ ಅಳೆಯುವುದು ಅಳೆಯಲು ಸುಲಭವಾದದ್ದನ್ನು. ಹರಿವು, ಒತ್ತಡ, ಕ್ಲೋರಿನ್. ಕೋಲಾರದ ಪೀಡೆ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಹಲ್ಲು ಕಂದಾಗುತ್ತದೆ, ವರ್ಷಗಟ್ಟಲೆ ಕುಡಿದವರ ಮೂಳೆ ಬಿಗಿದು ಬೆನ್ನು ಬಾಗುತ್ತದೆ. ಅದನ್ನು ಹಿಡಿಯಬೇಕಾದರೆ ಲ್ಯಾಬು ಬೇಕು, ಇಲ್ಲವೇ ಬಣ್ಣ ಹೋಲಿಸಿ ನೋಡುವ ಪುಟ್ಟ ಕಿಟ್ಟು. ಊರಿಗೆ ಐದು ಮಂದಿ ಹೆಂಗಸರಿಗೆ ಆ ಕಿಟ್ಟು ಬಳಸಲು ಕಲಿಸಬೇಕೆಂದು ಮಿಷನ್ನೇ ಹೇಳಿದೆ. ನಿಮ್ಮ ಅಜ್ಜಿಯ ಊರಿನಲ್ಲಿ ಆ ಐವರು ಯಾರು? ಒಮ್ಮೆಯಾದರೂ ಕೇಳಿದ್ದೀರಾ?

ಇನ್ನು ಭಾಷೆ. ಯಾವ ಜಿಲ್ಲೆಯಲ್ಲಿ ಎಷ್ಟು ನಲ್ಲಿ ಎಂಬುದು ಮಿಷನ್ನಿನ ಡ್ಯಾಶ್‌ಬೋರ್ಡಿನಲ್ಲಿದೆ. ಯಾರು ಬೇಕಾದರೂ ನೋಡಬಹುದು, ಇಂಗ್ಲಿಷ್ ಬಂದರೆ! ಅಲ್ಲಿ ನಲ್ಲಿಗೆ ನಲ್ಲಿ ಅನ್ನುವುದಿಲ್ಲ ಸ್ವಾಮಿ, ‘ಎಫ್‌ಎಚ್‌ಟಿಸಿ’ ಅನ್ನುತ್ತಾರೆ. ಬಿಂದಿಗೆ ಹಿಡಿದು ನಿಂತ ತಾಯಿಗೆ ಇದು ಯಾವ ಮಂತ್ರ? ಹಿಂದೆ ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿ ಯಾರ ಗದ್ದೆಗೆ ಎಷ್ಟು ನೀರೆಂದು ಊರ ಮುಂದೆ ಲೆಕ್ಕ ಒಪ್ಪಿಸಬೇಕಿತ್ತು. ತಪ್ಪಿದರೆ ಅವನನ್ನು ಬೈಯಬಹುದಿತ್ತು. ಡ್ಯಾಶ್‌ಬೋರ್ಡನ್ನು ಯಾವ ಭಾಷೆಯಲ್ಲಿ ಬೈಯುವುದು? ನಮ್ಮ ಕಡೆ ಮನೆಯಲ್ಲಿ ತೆಲುಗು, ತಮಿಳು ಆಡುವವರು ಬೇಕಾದಷ್ಟು ಜನ. ಪಂಚಾಯತಿ ಕಾಗದವನ್ನು ಕನ್ನಡದಲ್ಲಿ ಓದಿ ಅಭ್ಯಾಸವಾದ ಅವರನ್ನೂ ಈ ಇಂಗ್ಲಿಷ್ ಪರದೆ ಹೊರಗೇ ನಿಲ್ಲಿಸುತ್ತದೆ.

ಕೇಳುತ್ತಿರುವುದು ದೊಡ್ಡದೇನಲ್ಲ. ಟ್ಯಾಂಕಿನ ಕೆಳಗೆ ಒಂದು ಕನ್ನಡದ ಬೋರ್ಡು: ಇವತ್ತು ಬಿಟ್ಟ ನೀರು ಇಷ್ಟು ಲೀಟರ್, ಫ್ಲೋರೈಡ್ ಇಷ್ಟು, ಪರೀಕ್ಷೆ ಮಾಡಿದ ದಿನ ಇಂಥದ್ದು. ನೀರು ಬಿಡುವ ಮುಂಚೆ ಮೊಬೈಲಿಗೆ ಕನ್ನಡದ ದನಿಯಲ್ಲೊಂದು ಕರೆ. ಓದು ಬಾರದವರಿಗೂ ತಿಳಿಯುತ್ತದೆ. ಅಮೆರಿಕದ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ನಿಮಗೆ ಇದು ಯಾವ ಮಹಾ ಕೆಲಸ?

ಅದಕ್ಕೂ ಮೊದಲು, ರಜೆ ಸಿಕ್ಕ ದಿನ ಪಂಚಾಯತಿಗೆ ಹೋಗಿ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಕನ್ನಡದಲ್ಲೇ ಕೊಡಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಹೀಗೆ ಬರೆಯಿರಿ: ನಮ್ಮೂರ ಬೋರ್‌ವೆಲ್ ನೀರಿಗೆ ಕೊನೆಯ ಸಲ ಫ್ಲೋರೈಡ್ ಪರೀಕ್ಷೆ ನಡೆದದ್ದು ಯಾವಾಗ, ಎಷ್ಟು ಬಂತು, ವರದಿಯ ನಕಲು ಕೊಡಿ. ಕೆಳಗೆ ಸಹಿಯೂ ಕನ್ನಡದಲ್ಲಿರಲಿ.