ಅಂಗಡಿಗೊಂದು ದೂರವಾಣಿ ಸಂಖ್ಯೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನೌಕರಿ ಹಿಡಿದು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋದವರಿಗಿಂತ ಊರಲ್ಲೇ ಉಳಿದು ಸಣ್ಣಪುಟ್ಟ ವ್ಯಾಪಾರ ಮಾಡಿಕೊಂಡಿರುವವರೇ ಹೆಚ್ಚು. ಹುಮನಾಬಾದಿನ ಬಸ್ ನಿಲ್ದಾಣದ ಸುತ್ತ ಒಮ್ಮೆ ನಡೆದು ಬಂದರೆ ಸಾಕು, ಬೇಕರಿಯವನೊಬ್ಬ, ಹೊಲಿಗೆಯವನೊಬ್ಬ, ಬೀಜ-ಗೊಬ್ಬರದ ಅಂಗಡಿಯವನೊಬ್ಬ ಎದ್ದು ನಿಂತು ನಮಸ್ಕರಿಸುತ್ತಾರೆ. ಹೊಸ ಅಂಗಡಿ ತೆರೆಯುವಾಗ ಇವರಲ್ಲಿ ಅನೇಕರು ನನ್ನ ಬಳಿಗೆ ಬರುವುದುಂಟು. ಅಂಗಡಿಗೆ ಯಾವ ಹೆಸರಿಡಬೇಕು, ಆಮಂತ್ರಣ ಪತ್ರಿಕೆಯ ಕಾಗುಣಿತ ಸರಿ ಇದೆಯೇ, ಬೋರ್ಡಿನ ಮೇಲೆ ದೊಡ್ಡ ಅಕ್ಷರ ಯಾವುದಿರಬೇಕು ಎಂದೆಲ್ಲ ಕೇಳುತ್ತಾರೆ. ಆದರೆ ಬೋರ್ಡಿನ ಕೆಳತುದಿಯಲ್ಲಿ ಬರೆಸುವ ದೂರವಾಣಿ ಸಂಖ್ಯೆಯ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ಹೆಸರಿಗಾಗಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಸಂಖ್ಯೆಯ ವಿಷಯಕ್ಕೆ ಐದು ನಿಮಿಷವೂ ಸಿಗುವುದಿಲ್ಲ. ಮನೆಯಲ್ಲಿ ಯಾರದೋ ಹೆಸರಿನ ಸಿಮ್ ಒಂದು ಇರುತ್ತದೆ, ಅದನ್ನೇ ಬರೆಸಿಬಿಡುತ್ತಾರೆ. ಇದು ತಲೆಕೆಳಗಾದ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ. ಹೆಸರನ್ನು ನಾಳೆ ಬದಲಿಸಿದರೂ ನಡೆದೀತು. ಹತ್ತು ವರ್ಷ ಗಿರಾಕಿಗಳ ಕೈಯಲ್ಲಿ ಓಡಾಡಿದ ಸಂಖ್ಯೆಯನ್ನು ಬದಲಿಸಿದರೆ ಆ ಅಂಗಡಿ ಮತ್ತೆ ಮೊದಲಿನಿಂದ ಆರಂಭವಾಗಬೇಕು.

ಈಗಿನ ಹುಡುಗರಿಗೆ ನಂಬಲು ಕಷ್ಟವಾದೀತು, ಒಂದು ಕಾಲಕ್ಕೆ ನಮ್ಮ ಕಡೆಯ ವ್ಯಾಪಾರಸ್ಥರಿಗೆ ಸ್ವಂತ ಸಂಖ್ಯೆ ಎಂಬುದೇ ಇರುತ್ತಿರಲಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಸಂಖ್ಯೆಯ ಪಕ್ಕ 'ಪಿ.ಪಿ.' ಎಂದು ಎರಡಕ್ಷರ ಅಚ್ಚಾಗಿರುತ್ತಿತ್ತು. ಫೋನು ಪಕ್ಕದ ಅಂಗಡಿಯವರದು, ಕರೆ ಬಂದರೆ ಕೂಗಿ ಕರೆಯುತ್ತಾರೆ ಎಂದು ಅದರರ್ಥ. ಪರ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಮುಂದೆ ಎಸ್‌ಟಿಡಿ ಬೂತುಗಳು ಬಂದವು. ಹಳದಿ ಬಣ್ಣದ ಆ ಬೋರ್ಡುಗಳು ಮೂಲೆಮೂಲೆಗೂ ಹಬ್ಬಿದವು. ಬಸವಕಲ್ಯಾಣಕ್ಕೆ 08481, ಹುಮನಾಬಾದಿಗೆ 08483 ಎಂಬ ಎಸ್‌ಟಿಡಿ ಕೋಡುಗಳು ಎಲ್ಲರ ಬಾಯಲ್ಲೂ ಇದ್ದವು. ಆಗಿನ ಸಂಖ್ಯೆ ಸ್ಥಳಕ್ಕೆ ಅಂಟಿಕೊಂಡಿರುತ್ತಿತ್ತು. ಅಂಗಡಿಗೆ ಕರೆ ಮಾಡಿದರೆ ಅಂಗಡಿಯೇ ಮಾತಾಡುತ್ತಿತ್ತು. ಎತ್ತಿಕೊಂಡವರು ಮಾಲೀಕರೋ, ಮಗನೋ, ಕೆಲಸದ ಹುಡುಗನೋ ಎಂಬುದು ಮುಖ್ಯವಾಗಿರಲಿಲ್ಲ. ಮೊಬೈಲ್ ಬಂದ ಮೇಲೆ ಸಂಖ್ಯೆ ಸ್ಥಳವನ್ನು ಬಿಟ್ಟು ವ್ಯಕ್ತಿಯ ಜೇಬಿಗೆ ಸೇರಿತು. ಅನುಕೂಲ ಬಹಳವಾಯಿತು, ಒಪ್ಪುತ್ತೇನೆ. ಆದರೆ ಅಂಗಡಿಯ ಸಂಖ್ಯೆ ಯಾರದು ಎಂಬ ಪ್ರಶ್ನೆ ಹುಟ್ಟಿದ್ದೂ ಆಗಲೇ.

ಈ ಪ್ರಶ್ನೆ ಎಷ್ಟು ಕಟುವಾದದ್ದು ಎಂಬುದನ್ನು ನನಗೆ ತಿಳಿಸಿದವಳು ಒಬ್ಬ ಹಳೆಯ ವಿದ್ಯಾರ್ಥಿನಿ. ಹೆಸರು ಬೇಡ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ತಟ್ಟಿ, ಶೇಂಗಾ ಹಿಂಡಿ ಕುಟ್ಟಿ ಮಾರಿ ಇಬ್ಬರು ಮಕ್ಕಳನ್ನು ಓದಿಸಿದವಳು. ಮೊದಲು ಓಣಿಯವರು, ನಂತರ ಮದುವೆ ಮನೆಯವರು, ಆಮೇಲೆ ಗಡಿಯಾಚೆಯ ಜಹೀರಾಬಾದ್, ಉಮರ್ಗಾಗಳ ಖಾನಾವಳಿಯವರೂ ಅವಳಿಗೆ ಫೋನಿನಲ್ಲೇ ಆರ್ಡರ್ ಕೊಡುತ್ತಿದ್ದರು. ಬೋರ್ಡಿಲ್ಲ, ಅಂಗಡಿಯಿಲ್ಲ. ಇದ್ದದ್ದು ಒಂದು ಒಲೆ, ಒಂದು ಹಂಚು, ಒಂದು ಸಂಖ್ಯೆ. ಆ ಸಿಮ್ಮನ್ನು ಮೊದಲು ತಂದುಕೊಟ್ಟವನು ಮೈದುನ, ಅವನದೇ ಗುರುತಿನ ಚೀಟಿಯ ಮೇಲೆ. ಏಳೆಂಟು ವರ್ಷ ಯಾವ ತೊಂದರೆಯೂ ಇರಲಿಲ್ಲ. ಮನೆ ಪಾಲಾಗುವ ಹೊತ್ತಿಗೆ ಮಾತು ಬೆಳೆಯಿತು. ಮೈದುನ ಹೋಗಿ ಆ ಸಂಖ್ಯೆಯನ್ನು ತನ್ನ ಹೊಸ ಸಿಮ್ಮಿಗೆ ಹಾಕಿಸಿಕೊಂಡ. ಕಾಗದದಲ್ಲಿ ಅದು ಅವನದೇ. ಇವಳ ಫೋನು ಒಂದು ಮಧ್ಯಾಹ್ನ ಸುಮ್ಮನೆ ನಿಂತುಹೋಯಿತು. "ನಂಬರ್ ಹೋಯ್ತ್ರಿ ಸರ್, ಅದರ ಕೂಡ ಗಿರಾಕಿನೂ ಹೋದ್ರು" ಎಂದು ಅವಳು ಹೇಳುವಾಗ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಗಿರಾಕಿಗಳ ಊರು ಗೊತ್ತು, ದನಿ ಗೊತ್ತು, ವಿಳಾಸ ಗೊತ್ತಿಲ್ಲ. ಹಬ್ಬದ ಆರ್ಡರುಗಳೆಲ್ಲ ಮೈದುನನ ಮನೆಗೆ ಹೋದವು. ಅಲ್ಲಿ ರೊಟ್ಟಿ ಮಾಡುವವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಸಂಖ್ಯೆಯನ್ನು ಯಾರ ದಾಖಲೆಯ ಮೇಲೆ ಪಡೆಯಲಾಗಿದೆಯೋ ಕಂಪನಿಯ ಲೆಕ್ಕದಲ್ಲಿ ಅವರೇ ಗ್ರಾಹಕರು. ಇಷ್ಟು ವರ್ಷ ರೀಚಾರ್ಜ್ ಮಾಡಿಸಿದವರು ನೀವು ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಆದ್ದರಿಂದ ಮೊದಲ ಕೆಲಸ ಇದು: ವ್ಯಾಪಾರ ಯಾರದೋ ಸಂಖ್ಯೆಯೂ ಅವರ ಹೆಸರಿನಲ್ಲೇ ಇರಲಿ. ವಿಶೇಷವಾಗಿ ಹೆಣ್ಣುಮಕ್ಕಳು ಈ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಒಳಗಾಗಬಾರದು. ಗಂಡ, ಅಣ್ಣ, ಮೈದುನ ಎಷ್ಟೇ ಒಳ್ಳೆಯವರಾಗಿರಲಿ, ಸಿಮ್ ಖರೀದಿಸುವಾಗ ನಿಮ್ಮ ಆಧಾರ್ ಕೊಡಿ, ನೀವೇ ಹೋಗಿ ನಿಲ್ಲಿ. ಈಗಾಗಲೇ ಬೇರೆಯವರ ಹೆಸರಿನಲ್ಲಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಅವರ ಒಪ್ಪಿಗೆ ಪತ್ರದೊಂದಿಗೆ ವರ್ಗಾಯಿಸಿಕೊಳ್ಳಿ. ಹೆಸರಿನವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆ 2023ರಲ್ಲಿ ಆರಂಭಿಸಿದ 'ಸಂಚಾರ ಸಾಥಿ' ಜಾಲತಾಣದಲ್ಲಿ ನಿಮ್ಮ ಗುರುತಿನ ಮೇಲೆ ಯಾವ ಯಾವ ಸಂಖ್ಯೆಗಳಿವೆ ಎಂಬುದನ್ನು ನೋಡಬಹುದು. ಅಂಗಡಿಯ ಸಂಖ್ಯೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ನಿಮ್ಮದಲ್ಲವೆಂದೇ ತಿಳಿಯಿರಿ. ಅಣ್ಣತಮ್ಮಂದಿರ ಕೂಡು ವ್ಯಾಪಾರವಾದರೆ ಇನ್ನೂ ಎಚ್ಚರ ಬೇಕು. ನಮ್ಮ ಕಡೆ ಪಾಲುಪಟ್ಟಿಯಲ್ಲಿ ತಾಮ್ರದ ಹಂಡೆ ಬರೆಯುತ್ತಾರೆ, ಬದುವಿನ ಬೇವಿನ ಮರ ಬರೆಯುತ್ತಾರೆ. ಅಂಗಡಿಯ ದೂರವಾಣಿ ಸಂಖ್ಯೆ ಬರೆದದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಯಾವ ಸಂಖ್ಯೆ ಎಂಬ ವಿಚಾರ. ಇಲ್ಲಿ ನಮ್ಮ ನೆಲದ ಒಂದು ವಿಶೇಷವಿದೆ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ನಮ್ಮ ಹಿರಿಯರು ಮನೆಯಲ್ಲಿ ಕನ್ನಡ ಮಾತಾಡಿದರೂ ಲೆಕ್ಕ ಮಾಡುತ್ತಿದ್ದುದು ಉರ್ದುವಿನಲ್ಲಿ. ಬಸವಕಲ್ಯಾಣದ ಪೇಟೆಯಲ್ಲಿ ಇಂದಿಗೂ ಒಂದೇ ಗಂಟೆಯಲ್ಲಿ ಕನ್ನಡ, ಮರಾಠಿ, ದಖನಿ, ತೆಲುಗು ನಾಲ್ಕನ್ನೂ ಕೇಳಬಹುದು. ಪುಣೆ-ಹೈದರಾಬಾದ್ ಹೆದ್ದಾರಿಯ ಪಕ್ಕದಲ್ಲಿ ಲಾರಿ ಗ್ಯಾರೇಜು ಇಟ್ಟುಕೊಂಡಿರುವ ನನ್ನ ಶಿಷ್ಯನೊಬ್ಬನಿಗೆ ಸೋಲಾಪುರದ ಡ್ರೈವರು ಮರಾಠಿಯಲ್ಲೂ ಹೈದರಾಬಾದಿನವನು ಹಿಂದಿಯಲ್ಲೂ ಫೋನು ಮಾಡುತ್ತಾರೆ. ಒಬ್ಬ ಡ್ರೈವರು ಮತ್ತೊಬ್ಬನಿಗೆ ಸಂಖ್ಯೆ ಹೇಳುವುದು ಬಾಯಿಂದಲೇ, ಎಂಜಿನ್ ಸದ್ದಿನ ನಡುವೆ. ಆಗ ಆಗುವ ಎಡವಟ್ಟುಗಳನ್ನು ನೋಡಬೇಕು! ಹಿಂದಿಯಲ್ಲಿ 'ಪಚಾಸ್' ಎಂದರೆ 50, 'ಪಚಾಸಿ' ಎಂದರೆ 85. 'ಉನಹತ್ತರ್' 69, 'ಉನ್ಯಾಸಿ' 79, 'ನವಾಸಿ' 89. ಮರಾಠಿಯಲ್ಲಿ ಇವುಗಳ ಲೆಕ್ಕಾಚಾರವೇ ಬೇರೆ, 'ಏಕೋಣ' ಎಂದು ಮುಂದಿನ ಹತ್ತರಿಂದ ಒಂದು ಕಳೆದು ಹೇಳುತ್ತಾರೆ. ನಮ್ಮ ಕನ್ನಡವೇನು ಕಡಿಮೆಯೇ? 'ಇಪ್ಪತ್ತು', 'ಎಪ್ಪತ್ತು' ಎರಡನ್ನೂ ಗಾಳಿ ಬೀಸುವಾಗ ಹೇಳಿ ನೋಡಿ. ಇಂಗ್ಲಿಷಿನಲ್ಲಿ 'ಫೈವ್', 'ನೈನ್' ಒಂದಕ್ಕೊಂದು ಬೆರೆಯುತ್ತವೆಂದೇ ವಿಮಾನದ ಪೈಲಟ್ಟುಗಳು ಒಂಬತ್ತನ್ನು 'ನೈನರ್' ಎನ್ನುವ ರೂಢಿ ಇಟ್ಟುಕೊಂಡಿದ್ದಾರೆ.

ಆದ್ದರಿಂದ ಸಂಖ್ಯೆ ಆರಿಸುವಾಗ ಅಂಗಡಿಯವನು ತೋರಿಸುವ ಐದಾರು ಸಂಖ್ಯೆಗಳನ್ನು ಕಣ್ಣಿಂದ ನೋಡಿ ಆರಿಸಬೇಡಿ, ಕಿವಿಯಿಂದ ಆರಿಸಿ. ಒಂದೊಂದೇ ಅಂಕಿಯಾಗಿ ಹೇಳಿದರೂ, ಜೋಡಿಜೋಡಿಯಾಗಿ ಹೇಳಿದರೂ ತಪ್ಪದಂತಿರಬೇಕು. ಒಂದೇ ಅಂಕಿ ಎರಡು ಬಾರಿ, ಇಲ್ಲವೇ ಸೊನ್ನೆಗಳು ಕೊನೆಗೆ ಬಂದರೆ ಒಳ್ಳೆಯದು. ಮನೆಯ ಹಿರಿಯರಿಗೆ ಒಮ್ಮೆ, ಮರಾಠಿ ಮಾತಾಡುವ ನೆರೆಯವರಿಗೆ ಒಮ್ಮೆ ಫೋನಿನಲ್ಲೇ ಓದಿ ಹೇಳಿ, ಅವರು ಬರೆದುಕೊಂಡದ್ದು ಸರಿಯಿದೆಯೇ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಷ್ಟು ಹಿಂದೆಯೇ, ಮನುಷ್ಯನ ನೆನಪು ಒಂದು ಸಲಕ್ಕೆ ಸುಮಾರು ಏಳು ತುಣುಕುಗಳನ್ನಷ್ಟೇ ಹಿಡಿಯಬಲ್ಲದು ಎಂದು ಪ್ರಸಿದ್ಧ ಲೇಖನವೊಂದರಲ್ಲಿ ಬರೆದರು. ನಮ್ಮದು ಹತ್ತು ಅಂಕಿ. ಬೋರ್ಡಿನ ಮೇಲೆ ಐದೈದಾಗಿ ಬಿಡಿಸಿ ಬರೆಸಿದರೆ ಓದುವವನಿಗೆ ಉಪಕಾರವಾಗುತ್ತದೆ. ಕನ್ನಡ ಅಂಕಿಗಳ ಮೇಲೆ ನನಗೆ ಬಹಳ ಅಭಿಮಾನವುಂಟು. ಆದರೂ ಉಮರ್ಗಾದ ಗಿರಾಕಿ ಒತ್ತಬೇಕಾದ ಗುಂಡಿಯ ಮೇಲೆ ಆ ಅಂಕಿಗಳಿಲ್ಲ. ಹೆಸರು ಕನ್ನಡದಲ್ಲಿ ದೊಡ್ಡದಾಗಿರಲಿ, ಸಂಖ್ಯೆ ಎಲ್ಲರೂ ಒತ್ತಬಲ್ಲ ಅಂಕಿಗಳಲ್ಲಿರಲಿ.

'ಫ್ಯಾನ್ಸಿ ನಂಬರ್' ಎಂದು ಸಾವಿರಗಟ್ಟಲೆ ಸುರಿಯುವವರನ್ನೂ, ಅಂಕಿಗಳ ಮೊತ್ತ ಒಂಬತ್ತು ಬರಲೇಬೇಕೆಂದು ಹಟ ಹಿಡಿಯುವವರನ್ನೂ ನಾನು ಕಂಡಿದ್ದೇನೆ. ಕಾಯಕದ ನೆಲವಾದ ಕಲ್ಯಾಣದಲ್ಲಿ ಕುಳಿತು ಈ ಕೂಡುವ ಲೆಕ್ಕ ಮಾಡುವವರಿಗೆ ನಾನು ಏನೂ ಹೇಳುವುದಿಲ್ಲ. ಆ ದುಡ್ಡಿಗೆ ಇನ್ನೊಂದು ತಕ್ಕಡಿ ಬರುತ್ತದೆ.

ಈಗ ಕೆಲವರಾದರೂ ತಕರಾರು ಎತ್ತುತ್ತೀರಿ ಎಂದು ಬಲ್ಲೆ. ಸಂಖ್ಯೆಯನ್ನು ನೆನಪಿಡುವವರು ಈಗ ಯಾರಿದ್ದಾರೆ ಸರ್, ಎಲ್ಲರೂ ಹೆಸರು ಹಾಕಿ ಉಳಿಸಿಕೊಳ್ಳುತ್ತಾರಲ್ಲ ಎನ್ನುತ್ತೀರಿ. ನಿಜ. ಆದರೆ ಅದೇ ಕಾರಣಕ್ಕೆ ಸಂಖ್ಯೆ ಇನ್ನಷ್ಟು ಬೆಲೆಯುಳ್ಳದ್ದಾಗಿದೆ. 'ರೊಟ್ಟಿ ಅಕ್ಕ' ಎಂಬ ಹೆಸರಿನಲ್ಲಿ ನೂರಾರು ಫೋನುಗಳಲ್ಲಿ ಕುಳಿತಿರುವುದು ಆ ಹತ್ತು ಅಂಕಿಗಳೇ. ಅವು ಸತ್ತರೆ ಅವಳ ನಿಜವಾದ ಹೆಸರು ಕೂಡ ಗಿರಾಕಿಗೆ ಗೊತ್ತಿರುವುದಿಲ್ಲ. ಕಂಪನಿಯ ಸೇವೆ ಸರಿಯಿಲ್ಲವೆಂದು ಸಂಖ್ಯೆ ಬದಲಿಸುವ ಅಗತ್ಯವಂತೂ 2011ರ ಜನವರಿ 20ರಿಂದ ದೇಶದಲ್ಲೆಲ್ಲೂ ಇಲ್ಲ. 'ಪೋರ್ಟ್' ಎಂದು ಬರೆದು ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಒಂದು ಸಂಕೇತ ಬರುತ್ತದೆ. ಅದನ್ನು ತೆಗೆದುಕೊಂಡು ಹೊಸ ಕಂಪನಿಗೆ ಹೋದರಾಯಿತು. ಸಿಗ್ನಲ್ ಕಂಪನಿಯದು, ಸಂಖ್ಯೆ ನಿಮ್ಮದು.

ಹಾಗೆಯೇ ಬಳಸದೆ ಬಿಟ್ಟರೆ ಅದು ನಿಮ್ಮದಾಗಿ ಉಳಿಯುವುದಿಲ್ಲ. ಪ್ರೀಪೇಯ್ಡ್ ಸಂಖ್ಯೆಯಿಂದ 90 ದಿನಗಳವರೆಗೆ ಕರೆ, ಸಂದೇಶ, ಡೇಟಾ ಯಾವುದೂ ಇಲ್ಲದೆ, ಖಾತೆಯಲ್ಲೂ ಹಣವಿಲ್ಲದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು, ಕೆಲಕಾಲದ ನಂತರ ಬೇರೆಯವರಿಗೆ ಕೊಡಲೂಬಹುದು. ಕಬ್ಬಿನ ಹಂಗಾಮಿಗೆ ಮಾತ್ರ ವ್ಯಾಪಾರ ಮಾಡುವವರು, ಮದುವೆ ಕಾಲದಲ್ಲಷ್ಟೇ ಶಾಮಿಯಾನ ಹಾಕುವವರು ಇದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಬೋರ್ಡಿನ ಮೇಲಿನ ಸಂಖ್ಯೆಯೂ ಬ್ಯಾಂಕಿನ ಖಾತೆಗೆ ಜೋಡಿಸಿದ ಸಂಖ್ಯೆಯೂ ಒಂದೇ ಆಗಿರಬಾರದು. ಅಂಗಡಿಯ ಫೋನು ಗಲ್ಲೆಯ ಮೇಲೆ ಬಿದ್ದಿರುತ್ತದೆ. ಕೆಲಸದ ಹುಡುಗ ಎತ್ತುತ್ತಾನೆ, ಗಿರಾಕಿ ಕೇಳಿದರೆ ಅವನ ಕೈಗೂ ಹೋಗುತ್ತದೆ. ಊರಿಗೆಲ್ಲ ಗೊತ್ತಿರುವ ಆ ಸಂಖ್ಯೆಗೆ ಮೋಸಗಾರರ ಕರೆಯೂ ಬರುತ್ತದೆ. ಓಟಿಪಿ ಬರುವ ಫೋನು ಹಾಗೆ ಬೀದಿಯಲ್ಲಿ ಕೂರಬಾರದು. 2016ರಲ್ಲಿ ಯುಪಿಐ ಬಂದ ಮೇಲೆ ಐದು ರೂಪಾಯಿಯ ಕೊತ್ತಂಬರಿಗೂ ಕ್ಯೂಆರ್ ತೋರಿಸುವ ಕಾಲವಿದು. ಅಂಗಡಿಯ ಫೋನು ಕಳೆದರೆ ಕರೆಗಳಷ್ಟೇ ನಿಲ್ಲಲಿ, ಹಣವೂ ನಿಲ್ಲುವುದು ಬೇಡ. ಎರಡು ಸಿಮ್ಮಿಗೆ ಎರಡು ಖರ್ಚಲ್ಲವೇ ಎಂದರೆ, 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಮಾತು ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಇರುವ ಪ್ಯಾಕುಗಳನ್ನು ಕಂಪನಿಗಳು ಕೊಡಲೇಬೇಕೆಂದು ವಿಧಿಸಿದೆ. ಬ್ಯಾಂಕಿನ ಸಿಮ್ಮನ್ನು ಇಂಟರ್ನೆಟ್ ಇರುವ ನಿಮ್ಮ ಸ್ವಂತ ಫೋನಿನಲ್ಲಿಟ್ಟುಕೊಂಡು ಅಂಗಡಿಯ ಗಲ್ಲೆಗೆ ಗುಂಡಿಯ ಹಳೆಯ ಫೋನೊಂದನ್ನು ಇಟ್ಟರೆ ಆ ಪ್ಯಾಕೇ ಸಾಕು.

ಒಂದೇ ಜಾಗದಲ್ಲಿ ನೆಲೆಯೂರಿ ವ್ಯಾಪಾರ ಮಾಡುವವರು ಸ್ಥಿರ ದೂರವಾಣಿಯನ್ನು ಪೂರ್ತಿ ಮರೆಯಬೇಕಿಲ್ಲ ಎಂದೂ ನನಗೆ ಅನಿಸುತ್ತದೆ. ರಸ್ತೆ ಅಗೆದಾಗ ತಂತಿ ಕಡಿದುಹೋಗುವ ಗೋಳು ಉಂಟು. ಮೊಬೈಲಿನಂತೆ ಅದನ್ನು ಕಂಪನಿಯಿಂದ ಕಂಪನಿಗೆ ಒಯ್ಯುವ ಸೌಲಭ್ಯವೂ ಇಲ್ಲ. ಆದರೆ 08483 ಎಂದು ಕಂಡೊಡನೆ ಇದು ಹುಮನಾಬಾದಿನಲ್ಲೇ ಬೇರೂರಿದ ಅಂಗಡಿ ಎಂದು ಗಿರಾಕಿಗೆ ಒಂದು ಭರವಸೆ ಬರುತ್ತದೆ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ಸನ್ನು ಸ್ಥಿರ ದೂರವಾಣಿಯ ಸಂಖ್ಯೆಯಲ್ಲೂ ನೋಂದಾಯಿಸಬಹುದೆಂಬುದು ಅನೇಕರಿಗೆ ತಿಳಿದಿಲ್ಲ. ಸಂದೇಶದ ಬದಲು ಕರೆಯ ಮೂಲಕ ಸಂಕೇತ ಹೇಳುವಂತೆ ಕೇಳಿಕೊಂಡರೆ ಆ ಫೋನಿಗೇ ಕರೆ ಬಂದು ಅಂಕಿಗಳನ್ನು ಓದಿ ಹೇಳುತ್ತದೆ.

ರೊಟ್ಟಿಯ ವಿದ್ಯಾರ್ಥಿನಿ ಈಗ ತನ್ನದೇ ಆಧಾರ್ ಮೇಲೆ ಹೊಸ ಸಂಖ್ಯೆ ಪಡೆದಿದ್ದಾಳೆ. ಮಗಳು ಅದನ್ನು ಚಿಕ್ಕ ಚೀಟಿಗಳಲ್ಲಿ ಅಚ್ಚು ಹಾಕಿಸಿ ಪ್ರತಿ ರೊಟ್ಟಿಯ ಕಟ್ಟಿನೊಳಗೂ ಇಡುತ್ತಾಳಂತೆ. ಉಮರ್ಗಾದ ಖಾನಾವಳಿಯವರು ತಾವಾಗಿಯೇ ಹುಡುಕಿಕೊಂಡು ಬಂದರು, ಜಹೀರಾಬಾದಿನವರು ಇನ್ನೂ ಸಿಕ್ಕಿಲ್ಲ. ಅಲ್ಲಿ ಇರುವ ನನ್ನ ಶಿಷ್ಯರು ಯಾರಾದರೂ ಇದನ್ನು ಓದಿದರೆ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗಳಲ್ಲಿ ಒಮ್ಮೆ ವಿಚಾರಿಸಿ, ಹುಮನಾಬಾದಿನ ರೊಟ್ಟಿ ಅಕ್ಕ ಈಗಲೂ ರೊಟ್ಟಿ ಮಾಡುತ್ತಿದ್ದಾಳೆ ಎಂದು ತಿಳಿಸಿ. ಸಂಖ್ಯೆ ಬೇಕಾದವರು ನನ್ನನ್ನು ಕೇಳಲಿ.